ಗೂಬೆಗಳ ಮೇಷ್ಟ್ರು

ಶಿಕ್ಷಕರ ತರಬೇತಿಗೆ ಹೋದವರಿಗೆಲ್ಲ ಫಿನ್ಲೆಂಡ್ ಎಂಬ ದೇಶದ ಹೆಸರು ಕೇಳಿ ಕೇಳಿ ಬಾಯಿಪಾಠವಾಗಿರುತ್ತದೆ. ಬೆಳಗಿನ ಕಾಫಿ ಬಿಸ್ಕತ್ತು ಮುಗಿಯುವ ಹೊತ್ತಿಗೆ ಸಂಪನ್ಮೂಲ ವ್ಯಕ್ತಿಗಳು "ಫಿನ್ಲೆಂಡಿನಲ್ಲಿ ನೋಡಿ..." ಎಂದು ಶುರುಮಾಡಿದರೆಂದರೆ, ನಾವು ಹಿಂದಿನ ಬೆಂಚಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಗು ತಡೆದುಕೊಳ್ಳುತ್ತೇವೆ. ಅಲ್ಲಿ ಮಕ್ಕಳನ್ನು ಏಳು ವರ್ಷಕ್ಕೆ ಶಾಲೆಗೆ ಸೇರಿಸುತ್ತಾರಂತೆ. 1948ರಿಂದಲೇ ಎಲ್ಲ ಮಕ್ಕಳಿಗೂ ಮಧ್ಯಾಹ್ನದ ಊಟ ಉಚಿತವಂತೆ. ಒಂದನೇ ತರಗತಿಗೆ ಪಾಠ ಹೇಳುವವರೂ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದಿರಬೇಕೆಂಬ ನಿಯಮ 1979ರಿಂದ ಇದೆಯಂತೆ. ಇವೆಲ್ಲ ನಿಜವೇ. ಆದರೆ ಎಂಬತ್ತು ಮಕ್ಕಳ ತರಗತಿಯನ್ನು ಬಿಟ್ಟು ಬಂದವಳಿಗೆ, ಅದೂ ಮನೆಯಲ್ಲಿ ಹಿಟ್ಟು ರುಬ್ಬಿಡುವುದನ್ನು ಮರೆತು ಬಂದವಳಿಗೆ, ಈ ನಿಜ ತಲೆಗೆ ಹೋಗುವುದು ಸ್ವಲ್ಪ ಕಷ್ಟ.

ಹಾಗಾಗಿ ಫಿನ್ಲೆಂಡ್ ಎಂದರೆ ನನಗೆ ಒಂದು ಬಗೆಯ ಮುನಿಸಿತ್ತು ಎಂದೇ ಹೇಳಬೇಕು. ಆ ಮುನಿಸನ್ನು ತೊಡೆದವರು ಶಿಕ್ಷಣತಜ್ಞರಲ್ಲ, ಒಬ್ಬ ಫುಟ್‌ಬಾಲ್ ತರಬೇತುದಾರರು. ಅವರ ಹೆಸರು ಮಾರ್ಕ್ಕು ಕನೆರ್ವಾ.

ಫುಟ್‌ಬಾಲ್ ವಿಷಯದಲ್ಲಿ ನಾನು ಪಂಡಿತೆಯಲ್ಲ. ಆಫ್‌ಸೈಡ್ ಎಂದರೇನೆಂದು ನನ್ನ ಮಗ ಉಪ್ಪಿನ ಡಬ್ಬಿ, ಸಾಸಿವೆ ಡಬ್ಬಿಗಳನ್ನಿಟ್ಟು ಮೂರು ಸಲ ತೋರಿಸಿದ್ದಾನೆ. ತೋರಿಸಿದಾಗ ತಿಳಿಯುತ್ತದೆ, ಡಬ್ಬಿಗಳು ಸ್ವಸ್ಥಾನಕ್ಕೆ ಹೋದಮೇಲೆ ಮರೆಯುತ್ತದೆ. ನನ್ನ ಕುತೂಹಲ ಕೆರಳಿದ್ದು ಆಟದಿಂದಲ್ಲ. 2019ರ ನವೆಂಬರ್ ತಿಂಗಳಲ್ಲಿ ಒಂದು ದಿನ ಮಗ ಪತ್ರಿಕೆಯ ಕೊನೆಯ ಪುಟ ಹಿಡಿದುಕೊಂಡು ಅಡುಗೆಮನೆಗೆ ಬಂದು, "ಅಮ್ಮ, ಫಿನ್ಲೆಂಡ್ ತಂಡ ಯೂರೋ ಕಪ್‌ಗೆ ಆಯ್ಕೆಯಾಗಿದೆ. ಅದರ ಕೋಚ್ ಪ್ರೈಮರಿ ಸ್ಕೂಲ್ ಮೇಷ್ಟ್ರು ಗೊತ್ತಾ" ಎಂದ. ನಾನು ಒಗ್ಗರಣೆ ಸೌಟನ್ನು ಹಾಗೇ ಹಿಡಿದು ನಿಂತೆ. ಪ್ರೈಮರಿ ಸ್ಕೂಲ್ ಮೇಷ್ಟ್ರು! ನಮ್ಮಲ್ಲಿ ಪ್ರೈಮರಿ ಮೇಷ್ಟ್ರಿಗೆ ಕೊಡುವುದು ಜನಗಣತಿ, ಮತದಾರರ ಪಟ್ಟಿ. ಅಲ್ಲಿ ದೇಶದ ತಂಡವನ್ನೇ ಕೊಟ್ಟಿದ್ದರು.

ಕನೆರ್ವಾ ಹುಟ್ಟಿದ್ದು 1964ರಲ್ಲಿ, ಹೆಲ್ಸಿಂಕಿಯಲ್ಲಿ. ನನಗಿಂತ ಕೆಲವು ವರ್ಷ ಹಿರಿಯರು. ಅವರ ಭಾಷೆಯಲ್ಲಿ ಕನೆರ್ವಾ ಎಂದರೆ ಪೈನ್ ಮರಗಳ ಕೆಳಗೆ, ಬೇರೇನೂ ಸರಿಯಾಗಿ ಬೆಳೆಯದ ಸಾರವಿಲ್ಲದ ಮಣ್ಣಿನಲ್ಲಿ ಹಬ್ಬುವ, ನೇರಳೆ ಬಣ್ಣದ ಸಣ್ಣ ಸಣ್ಣ ಹೂ ಬಿಡುವ ಕುರುಚಲು ಗಿಡ. ನಮ್ಮ ತುಂಬೆಯಂತೆ ಎನ್ನಬಹುದೇನೋ, ಯಾರೂ ನೆಟ್ಟು ನೀರೆರೆಯುವುದಿಲ್ಲ. ಹೆಲ್ಸಿಂಕಿಯ ಹೆಸರಾಂತ ಎಚ್‌ಜೆಕೆ ಕ್ಲಬ್ಬಿನಲ್ಲಿ ಅವರು ರಕ್ಷಣಾ ಆಟಗಾರರಾಗಿದ್ದರು. ಗೋಲು ಹೊಡೆದು ಕುಣಿಯುವ ಜಾಗವಲ್ಲ ಅದು, ಗೋಲು ಬೀಳದಂತೆ ಕಾಯುವ ಜಾಗ. ಎಂಬತ್ತರ ದಶಕದ ನಡುವಿನಿಂದ ತೊಂಬತ್ತರ ದಶಕದ ನಡುವಿನವರೆಗೆ ದೇಶಕ್ಕಾಗಿ 59 ಪಂದ್ಯ ಆಡಿದರು. ಆ ಕಾಲದ ಫಿನ್ಲೆಂಡಿನಲ್ಲಿ ಫುಟ್‌ಬಾಲನ್ನೇ ನಂಬಿ ಸಂಸಾರ ಹೂಡುವ ಸ್ಥಿತಿ ಇರಲಿಲ್ಲ. ಚಳಿಗಾಲ ಬಂತೆಂದರೆ ಮೈದಾನಗಳೆಲ್ಲ ಹಿಮದಡಿ. ಜನರ ಪ್ರೀತಿಯೆಲ್ಲ ಐಸ್ ಹಾಕಿಯ ಮೇಲೆ, ಹಿಮದ ಜಾರಾಟದ ಮೇಲೆ. ಆದ್ದರಿಂದ ಫುಟ್‌ಬಾಲ್ ಆಡುವವರು ಪಕ್ಕದಲ್ಲೊಂದು ಉದ್ಯೋಗ ಇಟ್ಟುಕೊಳ್ಳುತ್ತಿದ್ದರು. ಕನೆರ್ವಾ ಆರಿಸಿಕೊಂಡದ್ದು ಶಿಕ್ಷಕ ವೃತ್ತಿ. ಆ ಸ್ನಾತಕೋತ್ತರ ಕಥೆಯಿದೆಯಲ್ಲ, ಅದನ್ನೇ ಓದಿಕೊಂಡು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಪಾಠ ಹೇಳಿದರು.

ಇಲ್ಲಿ ಆ ದೇಶದ ಫುಟ್‌ಬಾಲ್ ಚರಿತ್ರೆಯನ್ನು ಸ್ವಲ್ಪ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಇತಿಹಾಸದ ಟೀಚರ್ ಆದ ನನಗೆ ಇಸವಿಗಳಿಲ್ಲದೆ ಮಾತು ಸಾಗುವುದಿಲ್ಲ, ಗೆಳತಿಯರು ಸಹಿಸಿಕೊಳ್ಳಬೇಕು. ಫಿನ್ಲೆಂಡ್ ಸ್ವತಂತ್ರವಾದದ್ದು 1917ರಲ್ಲಿ. ಅದಕ್ಕೆ ಮೊದಲು ರಷ್ಯದ ಝಾರ್ ದೊರೆಯ ಅಧೀನದ ನಾಡು. ಹಾಗಿದ್ದೂ 1912ರ ಸ್ಟಾಕ್‌ಹೋಂ ಒಲಿಂಪಿಕ್ಸಿಗೆ ಅದರ ಫುಟ್‌ಬಾಲ್ ತಂಡ ಬೇರೆಯಾಗಿಯೇ ಹೋಯಿತು. ಇಟಲಿಯನ್ನು ಸೋಲಿಸಿತು, ಆಳುವ ರಷ್ಯವನ್ನೇ 2-1ರಿಂದ ಸೋಲಿಸಿತು, ನಾಲ್ಕನೆಯ ಸ್ಥಾನ ಪಡೆಯಿತು. ಇಷ್ಟು ಒಳ್ಳೆಯ ನಾಂದಿ ಹಾಡಿದ ಮೇಲೆ ನಾಟಕ ಹೇಗಿರಬೇಕು! ಆದರೆ ಆಮೇಲೆ ನೂರು ವರ್ಷ ಕಳೆದರೂ ವಿಶ್ವಕಪ್ಪಿನ ಬಾಗಿಲಾಗಲಿ, ಯೂರೋಪಿನ ಕಪ್ಪಿನ ಬಾಗಿಲಾಗಲಿ ಗಂಡಸರ ತಂಡಕ್ಕೆ ತೆರೆಯಲಿಲ್ಲ.

ಗಂಡಸರ ತಂಡ ಎಂದು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಅದೇ ದೇಶದ ಹೆಂಗಸರು 2005ರಲ್ಲೇ ಇಂಗ್ಲೆಂಡಿನಲ್ಲಿ ನಡೆದ ಯೂರೋಪಿನ ಮಹಿಳಾ ಪಂದ್ಯಾವಳಿಗೆ ಹೋಗಿ ಸೆಮಿಫೈನಲ್ ತಲುಪಿದ್ದರು. 2009ರಲ್ಲಿ ತಮ್ಮ ನೆಲದಲ್ಲೇ ಆ ಪಂದ್ಯಾವಳಿ ನಡೆದಾಗ ಕ್ವಾರ್ಟರ್ ಫೈನಲ್ ಆಡಿದ್ದರು. 2019ರಲ್ಲಿ "ಫಿನ್ಲೆಂಡ್ ಮೊಟ್ಟಮೊದಲ ಬಾರಿಗೆ" ಎಂದು ಪತ್ರಿಕೆಗಳು ಬರೆದಾಗ ಆ ಹೆಣ್ಣುಮಕ್ಕಳು ಏನೆಂದುಕೊಂಡರೋ. ಹಬ್ಬದ ಅಡುಗೆಯನ್ನೆಲ್ಲ ನಾವು ಮಾಡಿ, ಕೊನೆಗೆ ಪಾಯಸಕ್ಕೆ ದ್ರಾಕ್ಷಿ ಹಾಕಿದ ಗಂಡಸಿನ ಕೈರುಚಿಯನ್ನು ನೆಂಟರು ಹೊಗಳಿದಂತೆ ಆಗಿರಬೇಕು.

ಗಂಡಸರ ತಂಡದಲ್ಲಿ ಪ್ರತಿಭೆಯ ಬರವಿತ್ತು ಎಂದಲ್ಲ. ಯಾರಿ ಲಿಟ್ಮನೆನ್ ಎಂಬ ಮಹಾನ್ ಆಟಗಾರ ಹಾಲೆಂಡಿನ ಅಯಾಕ್ಸ್ ತಂಡದಲ್ಲಿ ಆಡಿ 1995ರಲ್ಲಿ ಯೂರೋಪಿನ ಚಾಂಪಿಯನ್ ಆದ. ಲಾಹ್ತಿ ಊರಿನಲ್ಲಿ ಅವನ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಸಾಮಿ ಹ್ಯೂಪಿಯಾ ಇಂಗ್ಲೆಂಡಿನ ಲಿವರ್‌ಪೂಲಿನ ಕೋಟೆಯಂತೆ ನಿಂತ. ಲಿಟ್ಮನೆನ್ ದೇಶಕ್ಕಾಗಿ 137 ಪಂದ್ಯ ಆಡಿದ, ಹ್ಯೂಪಿಯಾ 105 ಆಡಿದ. ಇಬ್ಬರಿಗೂ ಒಂದೇ ಒಂದು ದೊಡ್ಡ ಪಂದ್ಯಾವಳಿಯ ಭಾಗ್ಯ ಬರಲಿಲ್ಲ. 1997ರ ಅಕ್ಟೋಬರಿನಲ್ಲಿ ಹೆಲ್ಸಿಂಕಿಯಲ್ಲಿ ಹಂಗೆರಿಯ ಎದುರು 1-0 ಮುಂದಿದ್ದರು. ಗೆದ್ದರೆ ವಿಶ್ವಕಪ್ಪಿನ ದಾರಿಯ ಕೊನೆಯ ಸುತ್ತು. ಆಟದ ಸಮಯ ಮುಗಿದು ಹೆಚ್ಚುವರಿ ನಿಮಿಷಗಳು ನಡೆಯುತ್ತಿದ್ದಾಗ, ದೂರ ಒದೆಯಲು ಹೋದ ಚೆಂಡು ತಮ್ಮವರಿಗೇ ಬಡಿದು, ಗೋಲಿಯ ಬೆನ್ನಿಗೆ ತಗುಲಿ, ತಮ್ಮ ಗೋಲಿನೊಳಗೇ ಹೋಯಿತು. ಪಬ್ಲಿಕ್ ಪರೀಕ್ಷೆಯಲ್ಲಿ ಎಲ್ಲ ಬರೆದು ರಿಜಿಸ್ಟರ್ ನಂಬರ್ ತಪ್ಪು ಹಾಕಿದ ಹುಡುಗ ನೆನಪಾದ. ಪ್ರತಿ ಬ್ಯಾಚಿಗೂ ಅಂಥವನೊಬ್ಬ ಇರುತ್ತಾನೆ. ಇಲ್ಲಿ ಇಡೀ ದೇಶವೇ ಆ ಹುಡುಗ.

ಇನ್ನು ಗೂಬೆಯ ಪ್ರಸಂಗ. 2007ರ ಜೂನ್ 6ರಂದು ಹೆಲ್ಸಿಂಕಿಯ ಒಲಿಂಪಿಕ್ ಕ್ರೀಡಾಂಗಣದಲ್ಲಿ ಬೆಲ್ಜಿಯಂ ವಿರುದ್ಧ ಆಟ ನಡೆಯುತ್ತಿತ್ತು. ಈ ಕ್ರೀಡಾಂಗಣದ ಗೋಪುರದ ಎತ್ತರ 72 ಮೀಟರ್ 71 ಸೆಂಟಿಮೀಟರ್. ಮಾಟ್ಟಿ ಯಾರ್ವಿನೆನ್ ಎಂಬಾತ 1932ರ ಒಲಿಂಪಿಕ್ಸಿನಲ್ಲಿ ಈಟಿ ಎಸೆದು ಚಿನ್ನ ಗೆದ್ದ ದೂರವೇ ಗೋಪುರದ ಎತ್ತರ! ಎಂಥ ಜನ ನೋಡಿ. ಅಂದು ಎಲ್ಲಿಂದಲೋ ಹಾರಿಬಂದ ಒಂದು ದೊಡ್ಡ ಕೊಂಬಿನ ಗೂಬೆ ಮೈದಾನಕ್ಕಿಳಿದು, ಗೋಲು ಕಂಬದ ಮೇಲೆ ಕುಳಿತು, ಕತ್ತು ತಿರುಗಿಸಿ ಎಲ್ಲರನ್ನೂ ದಿಟ್ಟಿಸಿತು. ಆಟ ನಿಂತಿತು. ನಮ್ಮಲ್ಲಾಗಿದ್ದರೆ ಶಾಂತಿ ಹೋಮಕ್ಕೆ ಪುರೋಹಿತರಿಗೆ ಹೇಳಿಕಳಿಸುತ್ತಿದ್ದರು. ಅವರು "ಹುಹ್ಕಾಯ, ಹುಹ್ಕಾಯ" ಎಂದು ಅವರ ಭಾಷೆಯಲ್ಲಿ ಗೂಬೆಯ ಹೆಸರನ್ನೇ ಕೂಗಿ ಸಂಭ್ರಮಿಸಿದರು. ಗೂಬೆ ಹಾರಿಹೋದಮೇಲೆ 2-0ಯಿಂದ ಗೆದ್ದರು. ಆ ಗೂಬೆಗೆ ಬುಬಿ ಎಂದು ಹೆಸರಿಟ್ಟು, ಹೆಲ್ಸಿಂಕಿಯ ಆ ವರ್ಷದ ಶ್ರೇಷ್ಠ ಪ್ರಜೆ ಎಂದು ಗೌರವಿಸಿದರು. ತಂಡಕ್ಕೂ ಅಂದಿನಿಂದ 'ಹುಹ್ಕಾಯತ್' ಎಂಬ ಹೆಸರೇ ನಿಂತಿತು, ಎಂದರೆ ಗೂಬೆಗಳು. ಅಪರಾಧವನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ನಾವು ಗೂಬೆ ಕೂರಿಸುವುದು ಎನ್ನುತ್ತೇವೆ. ಅಲ್ಲಿ ಗೂಬೆ ತಾನಾಗಿ ಬಂದು ಕುಳಿತಿತು, ಅದೃಷ್ಟವೆಂದರು. ಆದರೂ ಆ ಸಲವೂ ಕೊನೆಯ ಪಂದ್ಯದಲ್ಲಿ ಪೋರ್ಚುಗಲ್ಲನ್ನು ಸೋಲಿಸಲಾಗದೆ ಮನೆಯಲ್ಲೇ ಉಳಿದರು. ಗೂಬೆಯಾದರೂ ಎಷ್ಟು ಮಾಡೀತು.

ಈ ಹೊತ್ತಿಗೆ ನಮ್ಮ ಮೇಷ್ಟ್ರು 21 ವರ್ಷದೊಳಗಿನ ಹುಡುಗರ ರಾಷ್ಟ್ರೀಯ ತಂಡಕ್ಕೆ ತರಬೇತುದಾರರಾಗಿದ್ದರು. ಆ ಹುಡುಗರು ಆಸ್ಟ್ರಿಯಾವನ್ನು ಪೆನಾಲ್ಟಿ ಹೊಡೆತಗಳಲ್ಲಿ ಸೋಲಿಸಿ 2009ರಲ್ಲಿ ಸ್ವೀಡನ್ನಿನ ಯೂರೋಪ್ ಪಂದ್ಯಾವಳಿಗೆ ಹೋದರು. ಅಲ್ಲಿ ಇಂಗ್ಲೆಂಡ್, ಜರ್ಮನಿ, ಸ್ಪೇನ್ ಮೂರೂ ತಂಡಗಳ ಕೈಯಲ್ಲಿ ಸೋತರು. ಫಲಿತಾಂಶ ಪಟ್ಟಿಯಲ್ಲಿ ಸೊನ್ನೆ. ಆದರೆ ಇಂಗ್ಲೆಂಡಿನ ಎದುರು ಗೋಲು ಹೊಡೆದ ಟಿಮ್ ಸ್ಪಾರ್ವ್ ಎಂಬ ಹುಡುಗ ಹತ್ತು ವರ್ಷದ ಮೇಲೆ ಅದೇ ಮೇಷ್ಟ್ರ ಕೆಳಗೆ ದೇಶದ ತಂಡದ ನಾಯಕನಾದ. ಇಂಥದ್ದು ಫಲಿತಾಂಶ ಪಟ್ಟಿಯಲ್ಲಿ ಕಾಣುವುದಿಲ್ಲ. ನನಗೂ ಒಬ್ಬ ಹುಡುಗ ಇದ್ದ. ಸಮಾಜ ವಿಜ್ಞಾನದಲ್ಲಿ ಪ್ರತಿ ಪರೀಕ್ಷೆಯಲ್ಲೂ ಹನ್ನೆರಡು, ಹದಿಮೂರು. ಈಗ ಬಸ್ ನಿಲ್ದಾಣದಲ್ಲಿ ಕಂಡಾಗೆಲ್ಲ ಊರಿಗೆ ಬಂದ ಯಾತ್ರಿಕರಿಗೆ ಕೋಟೆಯ ಕಥೆಯನ್ನು ನನಗಿಂತ ಚೆನ್ನಾಗಿ ಹೇಳುತ್ತಿರುತ್ತಾನೆ. ಇಸವಿಗಳು ಮಾತ್ರ ಈಗಲೂ ತಪ್ಪು.

ಕನೆರ್ವಾ ಅವರ ಜೀವನದಲ್ಲಿ ನನಗೆ ತೀರಾ ಹತ್ತಿರ ಎನಿಸಿದ ಭಾಗ ಇನ್ನು ಮುಂದಿನದು. ಅವರು ಹಿರಿಯರ ತಂಡಕ್ಕೆ ಸಹಾಯಕ ತರಬೇತುದಾರರಾದರು. ಮುಖ್ಯ ತರಬೇತುದಾರರನ್ನು ತೆಗೆದಾಗ 2011ರಲ್ಲಿ ಸ್ವಲ್ಪ ದಿನ 'ನೀವು ನೋಡಿಕೊಳ್ಳಿ' ಎಂದು ಹೇಳಿದರು. ನೋಡಿಕೊಂಡರು. ಹೊಸಬರು ಬಂದರು, ಇವರು ಮತ್ತೆ ಸಹಾಯಕರ ಕುರ್ಚಿಗೆ. 2015ರಲ್ಲಿ ಮತ್ತೆ ಅದೇ. ಆಗ ಇವರ ಕೈಯಲ್ಲಿ ತಂಡ ಗ್ರೀಸ್ ದೇಶಕ್ಕೆ ಹೋಗಿ 1-0ಯಿಂದ ಗೆದ್ದುಬಂತು, ರೊಮೇನಿಯಾದಲ್ಲಿ ಸಮ ಮಾಡಿಕೊಂಡಿತು. ಇನ್ನೇನು ಇವರನ್ನೇ ಮಾಡುತ್ತಾರೆ ಎನ್ನುವಷ್ಟರಲ್ಲಿ ಸ್ವೀಡನ್ನಿನಿಂದ ಹಾನ್ಸ್ ಬಾಕೆ ಎಂಬ ಅನುಭವಿಗಳನ್ನು ಕರೆಸಿದರು. ಇವರು ಪಕ್ಕಕ್ಕೆ ಸರಿದು ನಿಂತರು.

ಇದಕ್ಕೆ ನಮ್ಮ ಇಲಾಖೆಯ ಭಾಷೆಯಲ್ಲಿ ಪ್ರಭಾರ ಎನ್ನುತ್ತಾರೆ. ನಾನು ಎರಡು ಸಲ ಪ್ರಭಾರ ಮುಖ್ಯೋಪಾಧ್ಯಾಯಿನಿಯಾಗಿದ್ದವಳು. ಪ್ರಭಾರ ಎಂದರೆ ಏನೆಂದು ಅನುಭವಿಸಿದವರಿಗೇ ಗೊತ್ತು. ಬೀಗದ ಕೈ ನಿಮ್ಮದು, ಅಕ್ಕಿ ಮೂಟೆಯ ಲೆಕ್ಕ ನಿಮ್ಮದು, ಸೋರುವ ಹೆಂಚು ನಿಮ್ಮದು, ಹೊರಗೆ ಬರೆದಿರುವ ಹೆಸರು ಮಾತ್ರ ಹಿಂದಿನವರದು. ಎರಡನೆಯ ಸಲ ಹದಿನಾಲ್ಕು ತಿಂಗಳು ನೋಡಿಕೊಂಡೆ. ಸೋರುವ ಹೆಂಚು ಬದಲಾಯಿಸಿದೆ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ತಂದೆ. ಒಂದು ಸೋಮವಾರ ಬೆಳಿಗ್ಗೆ ಹೊಸಬರು ಆದೇಶದ ಪ್ರತಿ ಹಿಡಿದು ಬಂದರು. ಬೀಗದ ಕೈ ಕೊಟ್ಟು ಒಂಬತ್ತನೇ ತರಗತಿಗೆ ಹೋಗಿ ಫ್ರೆಂಚ್ ಕ್ರಾಂತಿ ಪಾಠ ಮಾಡಿದೆ. ಆವತ್ತು ಪಾಠ ಸ್ವಲ್ಪ ಜೋರಾಗಿಯೇ ಆಯಿತು ಎಂದು ಪಕ್ಕದ ಕೊಠಡಿಯವರು ಹೇಳಿದರು.

ಬಾಕೆ ಅವರ ಕೈಯಲ್ಲಿ 2016ರಲ್ಲಿ ತಂಡ ಒಂದೂ ಪಂದ್ಯ ಗೆಲ್ಲಲಿಲ್ಲ. ವರ್ಷದ ಕೊನೆಗೆ ಅವರನ್ನು ಕಳಿಸಿ ಕನೆರ್ವಾ ಅವರನ್ನು ಕರೆದರು, ಈ ಸಲ ಪ್ರಭಾರವಲ್ಲ, ಪೂರ್ಣ ಅಧಿಕಾರ. ಆಗ ಅವರಿಗೆ ಐವತ್ತೆರಡು. ಕೈಗೆ ಬಂದ ತಂಡದಲ್ಲಿ ಲಿಟ್ಮನೆನ್ ಇರಲಿಲ್ಲ, ಹ್ಯೂಪಿಯಾ ಇರಲಿಲ್ಲ. ಹೆಸರು ಹೇಳಿದರೆ ಪಕ್ಕದ ದೇಶದವರೂ 'ಯಾರು' ಎಂದು ಕೇಳುವಂಥ ಹುಡುಗರು. ತೇಮು ಪುಕ್ಕಿಯನ್ನೇ ತೆಗೆದುಕೊಳ್ಳಿ. ಹೆಸರು ಕೇಳಿ ಪುಕ್ಕಲನಿರಬೇಕು ಎಂದುಕೊಂಡಿದ್ದೆ, ಅವರ ಭಾಷೆಯಲ್ಲಿ ಪುಕ್ಕಿ ಎಂದರೆ ಹೋತವಂತೆ. ಹದಿನೆಂಟಕ್ಕೇ ಸ್ಪೇನಿನ ಸೆವಿಲ್ಲಾಕ್ಕೆ ಹೋದ, ನಡೆಯಲಿಲ್ಲ. ಜರ್ಮನಿಗೆ ಹೋದ, ಸ್ಕಾಟ್ಲೆಂಡಿನ ಸೆಲ್ಟಿಕ್‌ಗೆ ಹೋದ, ಅಲ್ಲೂ ನಿಲ್ಲಲಾಗಲಿಲ್ಲ. ಡೆನ್ಮಾರ್ಕಿನಲ್ಲಿ ನಾಲ್ಕು ವರ್ಷ ಕಳೆದು ಇಪ್ಪತ್ತೆಂಟಕ್ಕೆ ಇಂಗ್ಲೆಂಡಿನ ನಾರ್ವಿಚ್ ತಂಡ ಸೇರಿದಾಗ ಅರಳಿದ. ಗ್ಲೆನ್ ಕಮಾರಾ ಆಫ್ರಿಕಾದ ಸಿಯೆರಾ ಲಿಯೋನಿನಿಂದ ಬಂದ ದಂಪತಿಗಳ ಮಗ, ಹುಟ್ಟಿದ್ದು ತಾಂಪೆರೆಯಲ್ಲಿ. ಗೋಲಿ ಲುಕಾಸ್ ಹ್ರಾಡೆಕಿ ಹುಟ್ಟಿದ್ದು ಬ್ರಾಟಿಸ್ಲಾವಾದಲ್ಲಿ, ಬೆಳೆದದ್ದು ತುರ್ಕು ಊರಿನಲ್ಲಿ. ನಾಯಕ ಸ್ಪಾರ್ವ್ ಮನೆಯಲ್ಲಿ ಸ್ವೀಡಿಷ್ ಮಾತನಾಡುವವನು. ನಮ್ಮ ಯಾವುದೇ ಸರ್ಕಾರಿ ಶಾಲೆಯ ಹಾಜರಿ ಪುಸ್ತಕದಂತಿತ್ತು ಆ ತಂಡ.

ಇವರನ್ನಿಟ್ಟುಕೊಂಡು ಮೇಷ್ಟ್ರು ಪವಾಡವೇನೂ ಮಾಡಲಿಲ್ಲ. ಪ್ರತಿಯೊಬ್ಬನೂ ಎಲ್ಲಿ ನಿಲ್ಲಬೇಕು, ಪಕ್ಕದವನು ಮುಂದೆ ಹೋದರೆ ತಾನು ಎಷ್ಟು ಹೆಜ್ಜೆ ಹಿಂದೆ ಬರಬೇಕು, ಇದನ್ನೇ ತಿದ್ದಿ ತಿದ್ದಿ ಕಲಿಸಿದರು. ಮೊದಲು ಸೋಲದಿರುವುದು, ಆಮೇಲೆ ಗೆಲ್ಲುವುದು. ಮೇಲಿನಿಂದ ನೋಡಿದರೆ ಗೂಬೆಗಳು ಎರಡು ಸಾಲಾಗಿ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸರಿಯುತ್ತಿದ್ದವು. ಸಾಲು ಕೆಡುವಂತಿಲ್ಲ. ನೋಡಲು ಸೊಗಸಾದ ಆಟವಲ್ಲ ಎಂದು ಮಗನ ಅಭಿಪ್ರಾಯ. ಇರಬಹುದು. ಮಗ್ಗಿ ಕಲಿಸುವುದನ್ನೂ ಕಿಟಕಿಯಿಂದ ನೋಡುವವರಿಗೆ ಸೊಗಸು ಕಾಣುವುದಿಲ್ಲ.

ಫಲ ನಿಧಾನವಾಗಿ ಬಂತು. 2017ರಲ್ಲಿ ಐಸ್ಲೆಂಡನ್ನು ಸೋಲಿಸಿದರು. ಕ್ರೊಯೇಷಿಯಾದ ನೆಲದಲ್ಲಿ ಕೊನೆಯ ನಿಮಿಷದಲ್ಲಿ ಸಮ ಮಾಡಿದರು, ಗೋಲು ಹೊಡೆದ ಪ್ಯೂರಿ ಸೊಯ್ರಿಗೆ ಅದು ದೇಶದ ಪರವಾಗಿ ಮೊದಲನೆಯ ಪಂದ್ಯ. 2018ರಲ್ಲಿ ನೇಷನ್ಸ್ ಲೀಗ್ ಎಂಬ ಹೊಸ ಪಂದ್ಯಾವಳಿಯಲ್ಲಿ ಮೊದಲ ನಾಲ್ಕು ಪಂದ್ಯಗಳನ್ನು ಒಂದೂ ಗೋಲು ಬಿಟ್ಟುಕೊಡದೆ ಗೆದ್ದರು. ಯೂರೋ ಕಪ್ಪಿನ ಅರ್ಹತಾ ಸುತ್ತಿನಲ್ಲಿ ಇಟಲಿಯ ಎದುರು ಎರಡು ಸಲವೂ ಸೋತರು, ಆದರೆ ಬೋಸ್ನಿಯಾವನ್ನೂ ಗ್ರೀಸನ್ನೂ ತಮ್ಮೂರಿನಲ್ಲಿ ಮಣಿಸಿದರು. ಪುಕ್ಕಿ ಒಬ್ಬನೇ ಆ ಸುತ್ತಿನಲ್ಲಿ ಹತ್ತು ಗೋಲು ಹೊಡೆದ. 2019ರ ನವೆಂಬರ್ 15ರಂದು ಹೆಲ್ಸಿಂಕಿಯ ಟೋಲೋ ಬಡಾವಣೆಯ ಸಣ್ಣ ಕ್ರೀಡಾಂಗಣದಲ್ಲಿ, ಏಕೆಂದರೆ ಗೋಪುರದ ದೊಡ್ಡ ಕ್ರೀಡಾಂಗಣ ದುರಸ್ತಿಯಲ್ಲಿತ್ತು, ಲಿಕ್ಟನ್‌ಸ್ಟೈನ್ ಎಂಬ ಪುಟ್ಟ ದೇಶವನ್ನು 3-0ಯಿಂದ ಸೋಲಿಸಿದಾಗ ಬಾಗಿಲು ತೆರೆಯಿತು. ಚಳಿಯಲ್ಲಿ ನಿಂತಿದ್ದ ಜನರೆಲ್ಲ ಮೈದಾನಕ್ಕೆ ನುಗ್ಗಿದರು. ಮಿತಭಾಷಿಗಳೆಂದು ಹೆಸರಾದ ಜನ ಅಪರಿಚಿತರನ್ನು ತಬ್ಬಿಕೊಂಡು ಅತ್ತರು. ಮಗ ಅಡುಗೆಮನೆಗೆ ಪತ್ರಿಕೆ ತಂದದ್ದು ಇದರ ಸುದ್ದಿ.

ಆಮೇಲೆ ಕೊರೋನಾ ಬಂತು. 2020ರ ಯೂರೋ ಕಪ್ 2021ಕ್ಕೆ ಹೋಯಿತು. ನೂರು ವರ್ಷ ಕಾದವರು ಇನ್ನೊಂದು ವರ್ಷ ಕಾಯಬೇಕಾಯಿತು. ಈ ನಡುವೆ 2020ರ ನವೆಂಬರಿನಲ್ಲಿ ಪ್ಯಾರಿಸ್ಸಿನ ಪಕ್ಕದ ಸಾಂ ಡೆನಿಯಲ್ಲಿ, ವಿಶ್ವಚಾಂಪಿಯನ್ ಫ್ರಾನ್ಸನ್ನು ಸ್ನೇಹ ಪಂದ್ಯವೊಂದರಲ್ಲಿ 2-0ಯಿಂದ ಸೋಲಿಸಿದರು. ಕೊರೋನಾದ ಕಾಲ, ನೋಡಲು ಮೈದಾನದಲ್ಲಿ ಜನರಿರಲಿಲ್ಲ.

2021ರ ಜೂನ್ 12. ನಮ್ಮಲ್ಲಿ ಎರಡನೆಯ ಅಲೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ನನ್ನ ಜೊತೆಯಲ್ಲಿ ಹದಿನೆಂಟು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕುಳಿತು, ಒಂದೇ ಡಬ್ಬಿಯ ಉಪ್ಪಿನಕಾಯಿ ಹಂಚಿಕೊಂಡ ಗಣಿತದ ಮೇಡಂ ಮೇ ತಿಂಗಳಲ್ಲಿ ತೀರಿಕೊಂಡಿದ್ದರು. ಆಸ್ಪತ್ರೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಮನೆಯವರು ಮುಖ ನೋಡಿದ್ದು ಫೋನಿನಲ್ಲಿ. ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮಗ "ನಿನ್ನ ಮೇಷ್ಟ್ರ ಮೊದಲನೇ ಪಂದ್ಯ, ಬಾ" ಎಂದು ಒಂಬತ್ತೂವರೆಗೆ ಟೀವಿಯ ಮುಂದೆ ಕೂರಿಸಿದ. ಕೋಪನ್‌ಹೇಗನ್ನಿನಲ್ಲಿ ಡೆನ್ಮಾರ್ಕಿನ ಎದುರು ಆಟ. ನೂರಾರು ವರ್ಷದ ನೆರೆಯ ನಾಡುಗಳು. ಕೆಂಪು ಅಂಗಿಯವರು ಮನೆಯವರು, ನಮ್ಮ ಗೂಬೆಗಳು ಬಿಳಿ ನೀಲಿ. ಕನೆರ್ವಾ ಅವರನ್ನು ನಾನು ಮೊದಲ ಸಲ ಸರಿಯಾಗಿ ನೋಡಿದ್ದು ಅವತ್ತೇ. ಬೋಳು ಹಣೆ, ಕೈಕಟ್ಟಿ ನಿಂತ ರೀತಿ. ಪರೀಕ್ಷಾ ಕೊಠಡಿಯ ಹೊರಗೆ ನಿಂತ ಕ್ಲಾಸ್ ಟೀಚರನ್ನು ನೀವು ನೋಡಿದ್ದರೆ ಅವರನ್ನೂ ನೋಡಿದ್ದೀರಿ.

ಮೊದಲರ್ಧ ಮುಗಿಯಲು ಎರಡು ಮೂರು ನಿಮಿಷವಿತ್ತು. ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್, ಇಪ್ಪತ್ತೊಂಬತ್ತು ವರ್ಷದ ಹುಡುಗ, ಚೆಂಡಿನ ಕಡೆಗೆ ಎರಡು ಹೆಜ್ಜೆ ಇಟ್ಟು, ಯಾರೂ ಮುಟ್ಟದೆಯೇ ಮುಂದಕ್ಕೆ ಬಿದ್ದ. ಹೃದಯ ನಿಂತಿತ್ತು. ವೈದ್ಯರು ಓಡಿಬಂದರು. ಅವನ ಜೊತೆಯ ಆಟಗಾರರು ಅವನಿಗೆ ಬೆನ್ನು ಮಾಡಿ, ಕ್ಯಾಮೆರಾಗಳಿಗೆ ಕಾಣದಂತೆ ಸುತ್ತ ಗೋಡೆ ಕಟ್ಟಿ ನಿಂತರು. ಅವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಎದೆ ಒತ್ತುತ್ತಿದ್ದ ವೈದ್ಯರ ತೋಳು ಮಾತ್ರ ಏಳುತ್ತ ಇಳಿಯುತ್ತ ಕಾಣುತ್ತಿತ್ತು. ನಾನು ಎದ್ದು ಅಡುಗೆಮನೆಗೆ ಹೋಗಿಬಿಟ್ಟೆ. ನನಗೆ ನೋಡಲಾಗಲಿಲ್ಲ. ಮಗ ಒಳಗಿನಿಂದ ಕೂಗಿ ಕೂಗಿ ಹೇಳುತ್ತಿದ್ದ.

ಎತ್ತಿಕೊಂಡು ಹೋಗುವಾಗ ಮರೆಮಾಡಲು ಫಿನ್ಲೆಂಡಿನ ಅಭಿಮಾನಿಗಳ ಬಾವುಟಗಳನ್ನೇ ಪರದೆಯಾಗಿ ಹಿಡಿದರು. ಬಿಳಿಯ ಮೇಲೆ ನೀಲಿ ಶಿಲುಬೆಯ ಬಾವುಟ. ಮೊದಲನೆಯ ಪಂದ್ಯಾವಳಿಗೆಂದು ಮನೆಯಿಂದ ಮಡಿಚಿ ತಂದ ಬಾವುಟಗಳು. ಆಮೇಲೆ ಬಹಳ ಹೊತ್ತು ಮೌನ. ಅವನು ಬದುಕಿದ್ದಾನೆ, ಎಚ್ಚರಗೊಂಡಿದ್ದಾನೆ ಎಂಬ ಸುದ್ದಿ ಬಂದಾಗ ಫಿನ್ಲೆಂಡಿನ ಕಡೆಯವರು "ಕ್ರಿಶ್ಚಿಯನ್" ಎಂದು ಕೂಗಿದರು. ಎದುರಿನ ಡೇನರು "ಎರಿಕ್ಸನ್" ಎಂದರು. ಒಂದು ಕಡೆಯವರು ಹೆಸರಿನ ಮೊದಲರ್ಧ, ಇನ್ನೊಂದು ಕಡೆಯವರು ಉಳಿದರ್ಧ. ಹೀಗೇ ಎಷ್ಟೋ ಹೊತ್ತು. ಆ ಹೊತ್ತಿಗೆ ನಾನು ಸೋಫಾಕ್ಕೆ ಮರಳಿ ಬಂದಿದ್ದೆ.

ನಮ್ಮ ಮಧ್ಯರಾತ್ರಿಗೆ ಆಟ ಮತ್ತೆ ಶುರುವಾಯಿತು. ಶುರು ಮಾಡಬೇಕಿತ್ತೇ? ನನಗೆ ಇವತ್ತಿಗೂ ಅದು ತಪ್ಪೆಂದೇ ಅನ್ನಿಸುತ್ತದೆ. ಆ ಹುಡುಗರನ್ನು ಮನೆಗೆ ಕಳಿಸಬೇಕಿತ್ತು. ಡೇನರು ಮೈದಾನಕ್ಕೆ ಮರಳಿದಾಗ ಫಿನ್ಲೆಂಡಿನ ಆಟಗಾರರು ಚಪ್ಪಾಳೆ ತಟ್ಟಿ ಬರಮಾಡಿಕೊಂಡರು. ಅರವತ್ತನೆಯ ನಿಮಿಷಕ್ಕೆ ಎಡದಿಂದ ಯೆರೆ ಉರೊನೆನ್ ಹಾರಿಸಿದ ಚೆಂಡಿಗೆ ಯೋಯೆಲ್ ಪೊಹ್ಯನ್‌ಪಾಲೊ ತಲೆ ಕೊಟ್ಟ. ಚೆಂಡು ಗೋಲಿಯ ಕೈ ಸವರಿ ಒಳಗೆ ಹೋಯಿತು. ಯೂರೋ ಕಪ್ಪಿನಲ್ಲಿ ಫಿನ್ಲೆಂಡಿನ ಗಂಡಸರ ತಂಡದ ಮೊದಲನೆಯ ಗೋಲು. ಇಡೀ ಪಂದ್ಯದಲ್ಲಿ ಅವರು ಗೋಲಿನತ್ತ ಹೊಡೆದದ್ದೇ ಅದೊಂದು. ಹೆಲ್ಸಿಂಕಿಯಲ್ಲೇ ಹುಟ್ಟಿ ಬೆಳೆದ ಹುಡುಗ, ಅವನ ತಾತನ ಕಾಲದವರೂ ಕಾಣದ್ದನ್ನು ತಾನು ಮಾಡಿದ್ದಾನೆ. ಓಡಿದ, ಥಟ್ಟನೆ ತಡೆದುಕೊಂಡ. ಸಂಭ್ರಮಿಸಲಿಲ್ಲ. ಆ ಮುಖವನ್ನು ನಾನು ಮರೆಯಲಾರೆ. ಸಂತೋಷ ಬಂದು ಬಾಗಿಲಲ್ಲಿ ನಿಂತಿದೆ, ಮನೆಯಲ್ಲಿ ಸೂತಕ.

ಸ್ವಲ್ಪ ಹೊತ್ತಿಗೆ ಡೆನ್ಮಾರ್ಕಿಗೆ ಪೆನಾಲ್ಟಿ ಸಿಕ್ಕಿತು. ಹ್ರಾಡೆಕಿ ತಡೆದ. 1-0. ಗೆದ್ದರು. ಕನೆರ್ವಾ ಕೈ ಎತ್ತಿ ಕುಣಿದದ್ದನ್ನು ನಾನಂತೂ ನೋಡಲಿಲ್ಲ. ಆ ವರ್ಷ ಆಗಸ್ಟಿನಲ್ಲಿ ನಮ್ಮ ಶಾಲೆಯ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಗಣಿತದ ಮೇಡಂ ಹತ್ತು ತಿಂಗಳು ಫೋನಿನಲ್ಲೇ ಲೆಕ್ಕ ಕಲಿಸಿದ್ದ ಮಕ್ಕಳು. ಎಲ್ಲರೂ ಪಾಸು. ಒಬ್ಬ ಹುಡುಗಿ ಪೇಡೆ ಡಬ್ಬ ತಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಅವರ ಖಾಲಿ ಕುರ್ಚಿ ನೋಡಿ, ಡಬ್ಬವನ್ನು ಮೇಜಿನ ಮೇಲಿಟ್ಟು ಮಾತಿಲ್ಲದೆ ಹೋದಳು.

ಮುಂದಿನ ಕಥೆ ಬೇಗ ಹೇಳಿಬಿಡುತ್ತೇನೆ. ರಷ್ಯದ ಎದುರು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮೂರನೆಯ ನಿಮಿಷಕ್ಕೇ ಪೊಹ್ಯನ್‌ಪಾಲೊ ಹೊಡೆದ ಗೋಲು ಆಫ್‌ಸೈಡ್ ಎಂದು ರದ್ದಾಯಿತು (ಮತ್ತೆ ಸಾಸಿವೆ ಡಬ್ಬಿ ಬಂತು), 0-1ರಿಂದ ಸೋತರು. ಬೆಲ್ಜಿಯಂ ಎದುರು ಎಪ್ಪತ್ತನಾಲ್ಕು ನಿಮಿಷ ಸಾಲು ಕೆಡದಂತೆ ನಿಂತು, ಕೊನೆಗೆ ಕಂಬಕ್ಕೆ ಬಡಿದ ಚೆಂಡು ಹ್ರಾಡೆಕಿಯ ಕೈಗೆ ತಗುಲಿ ಒಳಗೆ ಹೋಯಿತು. 1997ರ ಹಂಗೆರಿ ಪಂದ್ಯವೇ ಮತ್ತೆ. 0-2. ಪಂದ್ಯಾವಳಿ ಮುಗಿಯಿತು. ಎರಿಕ್ಸನ್ ಎದೆಯೊಳಗೆ ಒಂದು ಯಂತ್ರವಿರಿಸಿಕೊಂಡು 2022ರಲ್ಲಿ ಮತ್ತೆ ಆಟಕ್ಕೆ ಬಂದ. ಆ ಸುದ್ದಿಯನ್ನು ನಾನೇ ಮಗನಿಗೆ ಫೋನ್ ಮಾಡಿ ಹೇಳಿದೆ.

2024ರ ಯೂರೋ ಕಪ್ಪಿಗೆ ಕನೆರ್ವಾ ತಂಡ ಅರ್ಹತಾ ಸುತ್ತಿನಲ್ಲಿ ಹತ್ತರಲ್ಲಿ ಆರು ಪಂದ್ಯ ಗೆದ್ದು 18 ಅಂಕ ಗಳಿಸಿತು. ಹಿಂದಿನ ಸಲವೂ ಹತ್ತರಲ್ಲಿ ಆರೇ, 18 ಅಂಕವೇ. ಆ ಸಲ ಮೆರವಣಿಗೆ, ಈ ಸಲ ಮೂರನೆಯ ಸ್ಥಾನ. ಕೊನೆಯ ಅವಕಾಶದ ಪಂದ್ಯದಲ್ಲಿ ವೇಲ್ಸ್ ಎದುರು ಕಾರ್ಡಿಫ್‌ನಲ್ಲಿ 1-4ರಿಂದ ಸೋತಿತು. ಆ ವರ್ಷ ನೇಷನ್ಸ್ ಲೀಗ್‌ನಲ್ಲಿ ಇಂಗ್ಲೆಂಡ್, ಐರ್ಲೆಂಡ್, ಗ್ರೀಸ್ ಎದುರು ಆಡಿದ ಆರಕ್ಕೆ ಆರೂ ಸೋತರು. ಸ್ಪಾರ್ವ್ ನಿವೃತ್ತನಾಗಿದ್ದ, ಪುಕ್ಕಿಗೆ ವಯಸ್ಸಾಗಿತ್ತು, ಹೊಸ ಹುಡುಗರಿಗೆ ಸಾಲು ಇನ್ನೂ ಕೂಡಿರಲಿಲ್ಲ. ಸಂಘದವರು ಒಪ್ಪಂದ ಮುಂದುವರಿಸಲಿಲ್ಲ. ಎಂಟು ವರ್ಷದ ಮೇಲೆ ಮೇಷ್ಟ್ರು ಬೀಗದ ಕೈ ಕೊಟ್ಟರು. ಅವರ ಜಾಗಕ್ಕೆ 2025ರಲ್ಲಿ ಬಂದವರು ಯಾಕೊಬ್ ಫ್ರೀಸ್, ಡೆನ್ಮಾರ್ಕಿನವರು.

ಇದನ್ನು ಹೇಳಲು ಮಗ ಫೋನ್ ಮಾಡಿದಾಗ ಮಧ್ಯಾಹ್ನದ ಊಟದ ಹೊತ್ತು. ಬಡಿಸುವ ಸಾಲಿನಲ್ಲಿ ಗಲಾಟೆ. "ನಿನ್ನ ಮೇಷ್ಟ್ರನ್ನ ಕಳಿಸಿಬಿಟ್ರು ಅಮ್ಮ" ಎಂದ. "ಹತ್ತರಲ್ಲಿ ಆರು ಗೆದ್ದಿದ್ದರಲ್ಲೋ" ಎಂದೆ. "ಅದು ಹಿಂದಿನ ವರ್ಷ" ಎಂದ. ಇನ್ನೇನೋ ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಏಳನೇ ತರಗತಿಯ ಇಬ್ಬರು ಹುಡುಗರು ಸಾಲು ಬಿಟ್ಟು ತಟ್ಟೆಯಿಂದ ತಟ್ಟೆಗೆ ಹೊಡೆದಾಡಲು ಶುರುಮಾಡಿದರು. ಫೋನನ್ನು ಸೊಂಟಕ್ಕೆ ಸಿಕ್ಕಿಸಿ ಅತ್ತ ಓಡಿದೆ.